ಅವ್ವ ರಜೆಗೆ ಬಂದ ಬೇಸಿಗೆ

ನಮ್ಮ ಮನೆಯಲ್ಲಿ ನನ್ನ ಜಡೆ ಹಾಕುತ್ತಿದ್ದವನು ಅಪ್ಪ. ಬೈಲಹೊಂಗಲದ ಹೈಸ್ಕೂಲಿನಲ್ಲಿ ಅವನು ಡ್ರಾಯಿಂಗ್ ಮಾಸ್ತರ. ಮುಂಜಾನೆ ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಕೂತು, ನನ್ನನ್ನು ಮುಂದೆ ಕೂರಿಸಿಕೊಂಡು, ಅಳತೆಪಟ್ಟಿ ಇಟ್ಟು ಗೆರೆ ಎಳೆದ ಹಾಗೆ ಬೈತಲೆ ತೆಗೆಯುತ್ತಿದ್ದ. ಕೈಗೆ ಎಣ್ಣೆ ಹೆಚ್ಚಾದರೆ ತನ್ನ ತಲೆಗೇ ಒರೆಸಿಕೊಳ್ಳುತ್ತಿದ್ದ. ಇಷ್ಟು ನೀಟಾದ ಜಡೆ ಯಾರು ಹಾಕಿದರೆಂದು ಸಾಲೆಯ ಗೆಳತಿಯರು ಕೇಳಿದರೆ ನಾನು ಅತ್ತೆಯ ಹೆಸರು ಹೇಳುತ್ತಿದ್ದೆ. ಅಪ್ಪ ಅಂದರೆ, ಹಾಗಾದರೆ ಅವ್ವ ಎಲ್ಲಿ ಎಂಬ ಮಾತು ಬರುತ್ತಿತ್ತು. ಇರಾನಿನಲ್ಲಿ ಅಂದರೆ, ಅದು ಎಲ್ಲಿದೆ, ಅಲ್ಲಿಗೆ ಯಾಕೆ ಹೋದಳು, ಗಂಡನನ್ನು ಬಿಟ್ಟು ಹೋದಳೇನು ಎಂದು ಅವರವರ ಮನೆಯ ದೊಡ್ಡವರು ಆಡಿಕೊಂಡ ಮಾತುಗಳೆಲ್ಲ ಆ ಹುಡುಗಿಯರ ಬಾಯಿಂದ ಒಂದರ ಹಿಂದೆ ಒಂದು ಹೊರಬೀಳುತ್ತಿದ್ದವು.

ಅವ್ವ ಡಾಕ್ಟರು. ಊರಿಗೆಲ್ಲ ಡಾಕ್ಟರಬಾಯಿ. ಮನೆಯ ಮುಂದಿನ ಕೋಣೆಯೇ ಅವಳ ದವಾಖಾನೆ. ಹೂಲಿಯಿಂದ, ಚಚಡಿಯಿಂದ, ಇನ್ನೂ ಒಳಗಿನ ಹಳ್ಳಿಗಳಿಂದ ಬಸುರಿಯರನ್ನು ಚಕ್ಕಡಿಯಲ್ಲಿ ಮಲಗಿಸಿಕೊಂಡು ಬರುತ್ತಿದ್ದರು. ಸರಳವಾಗಿ ಆಗುವ ಹೆರಿಗೆಗಳನ್ನು ಅವ್ವ ಅಲ್ಲೇ ಮಾಡಿಸುತ್ತಿದ್ದಳು. ಹೊಟ್ಟೆ ಕೊಯ್ದು ಕೂಸು ತೆಗೆಯಬೇಕಾದರೆ ಬೆಳಗಾವಿಗೆ ಕಳಿಸಬೇಕಿತ್ತು. ಕಳಿಸಿದ ಕೆಲವು ಚಕ್ಕಡಿಗಳು ಅರ್ಧ ದಾರಿಯಿಂದಲೇ ತಿರುಗಿ ಬಂದದ್ದನ್ನು ಅವಳು ಬಾಗಿಲಲ್ಲಿ ನಿಂತು ನೋಡಿದ್ದಳು. ಆ ಕೆಲಸವನ್ನು ಕಲಿಯಬೇಕೆಂಬ ಹಟ ಅವಳಿಗೆ ಅಂಟಿದ್ದು ಆಗಲೇ ಇರಬೇಕು. ಇರಾನಿನವರು ಮುಂಬೈಗೆ ಬಂದು ಡಾಕ್ಟರರನ್ನು ಆರಿಸಿಕೊಳ್ಳುತ್ತಾರೆ, ಹೆಂಗಸರಾದರೆ ಇನ್ನೂ ಒಳ್ಳೆಯದು, ಅಲ್ಲಿಯ ಆಸ್ಪತ್ರೆಗಳಲ್ಲಿ ದೊಡ್ಡ ಸರ್ಜನ್‌ಗಳ ಕೈಕೆಳಗೆ ಕೆಲಸ ಕಲಿಯಬಹುದು ಎಂದು ಅವಳ ಕಾಲೇಜಿನ ಗೆಳತಿಯೊಬ್ಬಳು ತಿಳಿಸಿದಳು. ಸಂಬಳವೂ ಇಲ್ಲಿ ಕನಸಿನಲ್ಲಿ ಕಾಣದಷ್ಟು. ಅವ್ವ ವಾರಗಟ್ಟಲೆ ಬಾಯಿ ಬಿಡದೆ ಓಡಾಡಿದಳು. ಕೊನೆಗೆ ಮಾತು ತೆಗೆದವನು ಅಪ್ಪನೇ. “ಹೋಗಿ ಬರ್ರಿ ಡಾಕ್ಟರಬಾಯಾರ. ಹುಡುಗರನ್ನ ನಾವು ನೋಡಕೋತೇವಿ,” ಎಂದ. ಅವನು ಅವಳನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. ಪ್ರೀತಿ ಬಂದಾಗಲೂ ಚೇಷ್ಟೆ ಮಾಡುವಾಗಲೂ ಡಾಕ್ಟರಬಾಯಾರು ಎಂದೇ ಕರೆಯುತ್ತಿದ್ದ.

ನಾವು ಅಂದರೆ ಅಪ್ಪ ಮತ್ತು ಅವನ ಅಕ್ಕ, ನಮ್ಮ ಗಂಗತ್ತೆ. ಚಚಡಿಗೆ ಮದುವೆಯಾಗಿ ಹೋಗಿದ್ದ ಗಂಗತ್ತೆ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಮಕ್ಕಳಿಲ್ಲದೆ, ಒಂದು ಟ್ರಂಕು ಹಿಡಿದು ತಮ್ಮನ ಮನೆಗೆ ಬಂದವಳು. ಅವ್ವ ಹೋದಾಗ ನನ್ನ ತಮ್ಮ ಬಸು ಆಗಷ್ಟೇ ಗೋಡೆ ಹಿಡಿದು ನಡೆಯುತ್ತಿದ್ದ. ಅವನನ್ನು ಮಡಿಲಿಗೆ ಎಳೆದುಕೊಂಡ ಗಂಗತ್ತೆ ಮತ್ತೆ ಕೆಳಗಿಳಿಸಲೇ ಇಲ್ಲ. ರೊಟ್ಟಿ ಬಡಿಯುವಾಗ ಅವನು ಬೆನ್ನಿಗೆ ಆತುಕೊಂಡಿರುತ್ತಿದ್ದ. ಅವಳು ಲಿಂಗಪೂಜೆಗೆ ಕೂತರೆ ಮಡಿಲಲ್ಲಿ ಕೂತು ತನ್ನ ಹಣೆಗೂ ವಿಭೂತಿ ಹಚ್ಚಿಸಿಕೊಳ್ಳುತ್ತಿದ್ದ. ಮಾತು ಬಂದ ಮೇಲೆ ಅವಳನ್ನು ಅವ್ವ ಎಂದ. “ಅವ್ವ ಅಲ್ಲೋ, ಅತ್ತಿ ಅನ್ನೋ” ಎಂದು ಮೊದಮೊದಲು ಅವಳು ತಿದ್ದಿದಳು. ಆಮೇಲೆ ತಿದ್ದುವುದನ್ನು ಬಿಟ್ಟಳು. ಅವ್ವನಿಂದ ಕಾಗದ ಬಂದಾಗ ಅಪ್ಪ ಪಡಸಾಲೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದ. ಎಲ್ಲ ಕಾಗದಗಳಲ್ಲೂ ಒಂದೇ ಮಾತು: ಇಲ್ಲಿ ಎಲ್ಲ ಚೆನ್ನಾಗಿದೆ, ಚಳಿ ಇದೆ, ನಾನು ಹೊಂದಿಕೊಂಡಿದ್ದೇನೆ.

“ಹೊಂದಿಕೊಂಡಾಳಂದ್ರ ಆತು ಬಿಡು,” ಎಂದು ಗಂಗತ್ತೆ ಒಲೆಯ ಕಡೆ ತಿರುಗುತ್ತಿದ್ದಳು.

ಎರಡು ವರ್ಷ ಕಳೆದ ಮೇಲೆ ಒಂದು ಬೇಸಿಗೆಯಲ್ಲಿ ಅವ್ವನಿಗೆ ರಜೆ ಸಿಕ್ಕಿತು. ಒಪ್ಪಂದದಲ್ಲಿ ಇನ್ನೊಂದು ವರ್ಷ ಉಳಿದಿತ್ತು. ಅಪ್ಪ ಮುಂಬೈಗೇ ಹೋಗಿ ಕರೆದುಕೊಂಡು ಬಂದ. ಬೆಳಗಾವಿ ಬಸ್ಸಿನಿಂದ ಇಳಿದವಳನ್ನು ಟಾಂಗಾದಲ್ಲಿ ಕೂರಿಸಿಕೊಂಡು ಬಂದಾಗ ಓಣಿಯ ಹೆಂಗಸರೆಲ್ಲ ನಮ್ಮ ಕಟ್ಟೆಯ ಮೇಲೆ ಸೇರಿದ್ದರು. ಅವ್ವ ಬಿಳುಪಾಗಿದ್ದಳು, ಬಡಕಲಾಗಿದ್ದಳು. ಅವಳ ದಪ್ಪ ತುರುಬು ಹೋಗಿ ಕುತ್ತಿಗೆಯವರೆಗಿನ ಕೂದಲು ಉಳಿದಿತ್ತು. ಗಂಗತ್ತೆ ಅನ್ನವನ್ನು ನಿವಾಳಿಸಿ ಚೆಲ್ಲಿ, ಕಾಲಿಗೆ ನೀರು ಹಾಕಿದಳು. ಅವ್ವ ಹೊಸ್ತಿಲು ದಾಟಿದವಳೇ ಮೊಣಕಾಲೂರಿ ಬಸುವಿನ ಕಡೆ ಎರಡೂ ಕೈ ಚಾಚಿದಳು. ಬಸು ಗಂಗತ್ತೆಯ ಸೀರೆಯಲ್ಲಿ ಮುಖ ಮುಚ್ಚಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಕೇಳಿದ:

“ಅವ್ವಾ, ಈ ಬಾಯಿ ಯಾವಾಗ ಹೋಗ್ತಾಳ?”

ಕಟ್ಟೆಯ ಮೇಲಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಂಗತ್ತೆಯ ಮುಖ ಸುಟ್ಟ ಹಾಗಾಯಿತು. “ಹುಚ್ಚಪ್ಯಾಲಿ, ಇಕೀನ ನಿಮ್ಮವ್ವ. ನಾ ಅತ್ತಿ” ಎಂದು ಅವನನ್ನು ಸೀರೆಯಿಂದ ಬಿಡಿಸಲು ನೋಡಿದಳು. ಅವನು ಚೀರಿದ. “ಇರ್ಲಿ ಬಿಡ್ರಿ ಅಕ್ಕಾರ,” ಎಂದು ಅವ್ವ ಎದ್ದು ನಿಂತು, ಸೀರೆಯ ನೆರಿಗೆ ಸರಿಮಾಡಿಕೊಂಡಳು. ನಾನು ಕಂಬದ ಪಕ್ಕದಲ್ಲಿದ್ದೆ. ಹೊಸ ಲಂಗ ಉಟ್ಟಿದ್ದೆ. ಅವ್ವ ಬಂದು ನನ್ನ ತಲೆಯ ಮೇಲೆ ಕೈ ಇಟ್ಟು, “ಸರೂ, ಎಷ್ಟ ಎತ್ತರ ಆಗಿ” ಎಂದಳು. ಅಷ್ಟರಲ್ಲಿ ಯಾರೋ ಬಸುವಿಗೆ ಇರಾನಿನ ಬೊಂಬೆ ಕೊಡಿ, ಅದನ್ನು ತೋರಿಸಿದರೆ ಬರುತ್ತಾನೆ ಎಂದರು. ಅವ್ವನ ಕೈ ನನ್ನ ತಲೆಯಿಂದ ಸರಿಯಿತು. ಅವಳು ಪೆಟ್ಟಿಗೆ ತೆರೆದಳು.

ಆ ದಿನದಿಂದ ಇಡೀ ಮನೆಗೆ ಒಂದೇ ಕೆಲಸ, ಬಸುವನ್ನು ಅವ್ವನ ಹತ್ತಿರ ಕಳಿಸುವುದು. ಪಿಸ್ತಾ ಸುಲಿದು ಅವ್ವನ ಕೈಯಲ್ಲಿ ಕೊಟ್ಟು ತಿನ್ನಿಸಲು ಹೇಳುತ್ತಿದ್ದರು. ಅವನ ಹಾಸಿಗೆಯನ್ನು ಅವ್ವನ ಪಕ್ಕ ಹಾಸುತ್ತಿದ್ದರು. ಅವನು ಎದ್ದು ಚಾಪೆ ಎಳೆದುಕೊಂಡು ಗಂಗತ್ತೆಯ ಹತ್ತಿರ ಹೋಗುತ್ತಿದ್ದ. ನಾನು ಅವ್ವನನ್ನು ಮರೆತಿರಲಿಲ್ಲ. ಅವಳ ಸ್ಪಿರಿಟ್ಟಿನ ವಾಸನೆ, ಕೆಮ್ಮುವ ರೀತಿ, ಉಪ್ಪಿನಕಾಯಿಯ ಹೋಳನ್ನು ಕೊನೆಗೆ ಉಳಿಸಿಕೊಂಡು ಚೀಪುವುದು ಎಲ್ಲ ನೆನಪಿತ್ತು. ಮರೆಯದವಳನ್ನು ಯಾರೂ ರಮಿಸಬೇಕಾಗಿರಲಿಲ್ಲ. “ಸರೂ ಶ್ಯಾಣ್ಯಾಕಿ” ಎಂದು ಎಲ್ಲರೂ ಹೊಗಳುತ್ತಿದ್ದರು. ನಾನು ಶ್ಯಾಣ್ಯಾ ಹುಡುಗಿಯಾಗಿ ನೀರು ತಂದುಕೊಟ್ಟು, ತಟ್ಟೆ ಎತ್ತಿ, ಪಡಸಾಲೆಯಲ್ಲಿ ಕೂತು ಅವಳನ್ನೇ ನೋಡುತ್ತಿದ್ದೆ.

ನೋಡಲು ಬೇಕಾದಷ್ಟಿತ್ತು. ಅವ್ವ ನಿಂತೇ ಉಣ್ಣುತ್ತಿದ್ದಳು. ತಟ್ಟೆಯನ್ನು ಕೈಯಲ್ಲಿ ಹಿಡಿದು, ಬಾಗಿಲ ಕಡೆ ಕಣ್ಣಿಟ್ಟು, ಯಾರೋ ಈಗ ಕರೆಯುತ್ತಾರೆ ಎಂಬಂತೆ ಗಬಗಬ ತಿಂದು ಮುಗಿಸುತ್ತಿದ್ದಳು. ಕದ ಬಡಿದರೆ ಬೆಚ್ಚಿಬೀಳುತ್ತಿದ್ದಳು. ಹೌದು ಎನ್ನಬೇಕಾದಲ್ಲಿ ಅವಳ ಬಾಯಿಂದ ಅಲ್ಲಿಯ ಮಾತೇ ಬರುತ್ತಿತ್ತು, “ಬಲೇ” ಎಂದು. ಗಂಗತ್ತೆಗೆ ಇದು ಅರ್ಥವಾಗಲು ಕೆಲವು ದಿನ ಬೇಕಾಯಿತು.

“ಪಲ್ಯಾಕ್ಕ ಇನ್ನಷ್ಟ ಖಾರ ಹಾಕ್ಲೇನ?”

“ಬಲೇ.”

“ಖಾರ ಹಾಕಾಕೂ ಭಲೇ ಅಂತಿಯಲ್ಲ ಶಾಂತಾ, ಇದೇನ್ ಕುಸ್ತಿ ಅಖಾಡಾ ಏನ?”

ಅಪ್ಪ ಬಿದ್ದು ಬಿದ್ದು ನಕ್ಕ. ಅವ್ವನೂ ನಕ್ಕಳು. ನಗುತ್ತ ನಗುತ್ತ ಕಣ್ಣೊರೆಸಿಕೊಂಡು ಹಿತ್ತಲಿಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ದವಾಖಾನೆಯ ಕೋಣೆಯ ಬೀಗವನ್ನು ಅವಳು ತೆಗೆಯಲೇ ಇಲ್ಲ. ಡಾಕ್ಟರಬಾಯಿ ಬಂದಿದ್ದಾರೆ ಎಂದು ಕೇಳಿ ಹಳ್ಳಿಯ ಹೆಂಗಸರು ಬಂದರೆ, “ರಜಾದಾಗ ಅದೇನಿ, ಸರಕಾರಿ ದವಾಖಾನಿಗೆ ಹೋಗ್ರಿ” ಎಂದು ಹೊರಗಿನಿಂದಲೇ ಕಳಿಸುತ್ತಿದ್ದಳು. ಹಾಗೆ ಹೇಳುವಾಗ ತನ್ನ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಳ್ಳುತ್ತಿದ್ದಳು. ಅಪ್ಪ ಒಮ್ಮೆ ಏನಾಯಿತು ಎಂದು ಕೇಳಿದ. ಏನಿಲ್ಲ, ದಣಿವು ಎಂದಳು. ಅವನು ಮತ್ತೆ ಕೇಳಲಿಲ್ಲ. ಚಿತ್ರ ಬರೆದಷ್ಟು ಸಲೀಸಾಗಿ ಮಾತನ್ನು ಕೆದಕಲು ಅವನಿಗೆ ಬರುತ್ತಿರಲಿಲ್ಲ.

ಜಗಳ ಹುಟ್ಟಿದ್ದು ಕಿಟಕಿಗಳಿಂದ. ನಮ್ಮದು ಮಣ್ಣಿನ ಗೋಡೆಯ ಹಳೆಯ ಮನೆ. ಬೇಸಿಗೆಯಲ್ಲಿ ಮುಂಜಾನೆಯ ತಂಪು ಹೋಗುವ ಮೊದಲೇ ಕಿಟಕಿಗಳನ್ನೆಲ್ಲ ಮುಚ್ಚಿದರೆ ಮಧ್ಯಾಹ್ನದವರೆಗೂ ಒಳಗೆ ತಣ್ಣಗಿರುತ್ತಿತ್ತು. ಇದು ಗಂಗತ್ತೆಯ ಕಾನೂನು. ಅವ್ವ ಒಂದೊಂದೇ ತೆರೆಯುತ್ತ ಬರುತ್ತಿದ್ದಳು. ಹಿಂದೆಯೇ ಗಂಗತ್ತೆ ಮುಚ್ಚುತ್ತ ಬರುತ್ತಿದ್ದಳು. ಇಬ್ಬರೂ ಬಾಯಿ ಬಿಟ್ಟು ಏನೂ ಹೇಳುತ್ತಿರಲಿಲ್ಲ. ಅದು ಶಾವಿಗೆ ಮಾಡುವ ಹಂಗಾಮು. ಗಂಗತ್ತೆ ಮತ್ತು ಓಣಿಯ ಇಬ್ಬರು ಹೆಂಗಸರು ಮುಂಜಾನೆಯಿಂದ ಮಣೆಯ ಮೇಲೆ ಕೂತು ಹೊಸೆದ ಶಾವಿಗೆಯನ್ನು ಪಡಸಾಲೆಯಲ್ಲಿ ಕೋಲುಗಳ ಮೇಲೆ ಇಳಿಬಿಟ್ಟಿದ್ದರು. ಸಣ್ಣ ದಾರದಂಥ ಎಳೆಗಳು, ನೋಡಿದರೆ ಮುಟ್ಟಬೇಕೆನಿಸುವಂಥವು. ಊಟ ಮುಗಿಸಿ ಗಂಗತ್ತೆ ಅಡ್ಡಾದಳು. ಅವ್ವ ಎದ್ದು ಪಡಸಾಲೆಯ ಎರಡೂ ಕಿಟಕಿ ತೆರೆದಳು. ಸ್ವಲ್ಪ ಹೊತ್ತಿಗೆ ಗಾಳಿ ಎದ್ದಿತು. ಹತ್ತಿ ಪೇಟೆಯ ಕಸ, ಕರಿ ಮಣ್ಣಿನ ಹುಡಿ, ಒಣ ಎಲೆ ಎಲ್ಲ ಸುಂಟರಗಾಳಿಯ ಜೊತೆ ಒಳಗೆ ನುಗ್ಗಿ, ನಾವು ಕಿಟಕಿಗೆ ಓಡುವಷ್ಟರಲ್ಲಿ ಶಾವಿಗೆಯೆಲ್ಲ ಬೂದಿ ಬಣ್ಣಕ್ಕೆ ತಿರುಗಿತ್ತು. ಅರ್ಧಕ್ಕರ್ಧ ನೆಲಕ್ಕೆ ಬಿದ್ದಿತ್ತು.

ಎದ್ದು ಬಂದ ಗಂಗತ್ತೆ ಕೆಳಗೆ ಬಿದ್ದ ಒಂದು ಹಿಡಿ ಶಾವಿಗೆಯನ್ನು ಎತ್ತಿಕೊಂಡು ಅವ್ವನ ಮುಂದೆ ನಿಂತಳು.

“ಏನ್ ಪಾಪಾ ಮಾಡ್ಯಾವ ನಮ್ಮನಿ ಕಿಡಕಿ? ಬಂದಾಗಿಂದ ನೋಡಾಕತ್ತೇನಿ. ನಾ ಮುಚ್ಚೂದು, ನೀ ತಗಿಯೂದು. ಇದು ನಿನ್ನ ಮನಿ, ನಾ ಇಲ್ಲಿ ಕೂಳಿಗಿ ಬಿದ್ದಾಕಿ ಅಂತ ಬಾಯಿ ಬಿಟ್ಟ ಹೇಳಿಬಿಡಲ್ಲ!”

“ಅಕ್ಕಾರ, ಹಂಗಲ್ರಿ...”

“ಮತ್ತ ಹ್ಯಾಂಗ? ನಿನ್ನ ಕೈಯಾನ ಕೂಸನ್ನ ನಾ ಕಸಗೊಂಡೇನಿ ಅಂತ ಸಿಟ್ಟ? ಆ ಸಿಟ್ಟ ಶಾವಿಗಿ ಮ್ಯಾಲ್ಯಾಕ?”

ಅವ್ವ ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟಳು. ಅವಳ ಕೂದಲಲ್ಲೆಲ್ಲ ಹುಡಿ ಇತ್ತು. ಅವಳು ಮಾತಾಡಿದ್ದು ಗಂಗತ್ತೆಯ ಕಾಲುಗಳನ್ನು ನೋಡುತ್ತ.

“ಅಲ್ಲೆ ಒಬ್ಬಾಕಿ ಬಾಣಂತಿ ಇದ್ಲು. ಭಾಳ ಸಣ್ಣಾಕಿ. ಹಡದ ಮ್ಯಾಲ ರಕ್ತ ನಿಲ್ಲಲಿಲ್ಲ. ಮಾಡೂದೆಲ್ಲಾ ಮಾಡಿದೆ. ನರ್ಸ್ ರಕ್ತದ ಬಾಟ್ಲಿ ತರಾಕ ಹೋಗಿದ್ಲು, ನಾ ಒಬ್ಬಾಕೀನ ಇದ್ದೆ. ಈಕಿ ನನ್ನ ಕೈ ಹಿಡದು ಪಂಜರೆ, ಪಂಜರೆ ಅನ್ನಾಕತ್ತಿದ್ಲು. ನನಗ ಪಂಜರ ಅಂತ ಕೇಳಿಸ್ತು ಅಕ್ಕಾರ. ತವರಮನ್ಯಾಗ ಯಾವದೋ ಗಿಣಿ ಸಾಕಿರಬೇಕು, ಅದನ್ನ ನೆನಸಾಕತ್ತಾಳ ಅಂತ ತಿಳಕೊಂಡೆ. ಆತವ್ವಾ, ಆತು ಅಂದೆ. ಹಂಗ ಅನಕೋತ ಅನಕೋತ ಹೋದ್ಲು. ಆಮ್ಯಾಲ ನರ್ಸ್ ಹೇಳಿದ್ಲು, ಅವರ ಮಾತಿನ್ಯಾಗ ಪಂಜರೆ ಅಂದ್ರ ಕಿಡಕಿ. ಕಿಡಕಿ ತಗೀ ಅನ್ನಾಕತ್ತಿದ್ಲು. ಅಷ್ಟ. ಕಿಡಕಿ ತಗೀ.”

ಶಾವಿಗೆ ಹೊಸೆಯಲು ಬಂದಿದ್ದ ಹೆಂಗಸರು ಸದ್ದಿಲ್ಲದೆ ಹೊರಗೆ ಹೋದರು. ಗಂಗತ್ತೆ ಕೇಳಿದಳು:

“ತಗದಿದ್ರ ಉಳೀತಿದ್ಲೇನ?”

“ಇಲ್ಲ. ಉಳೀತಿದ್ದಿಲ್ಲ. ಆದ್ರ ಒಂದೀಟ ಗಾಳಿ ಆಡ್ತಿತ್ತು.”

ಗಂಗತ್ತೆ ಕೈಯಲ್ಲಿದ್ದ ಶಾವಿಗೆಯನ್ನು ಮೊರಕ್ಕೆ ಹಾಕಿದಳು. ಅವ್ವನ ಪಕ್ಕ ಕೂತು, ಅವಳ ಕೂದಲಲ್ಲಿ ಸಿಕ್ಕಿಕೊಂಡಿದ್ದ ಒಣ ಎಲೆಗಳನ್ನು ಒಂದೊಂದಾಗಿ ಆರಿಸತೊಡಗಿದಳು. “ಅಕಿ ಹೆಸರೇನು?” ಎಂದಳು. ಗುಲ್ನಾರ್ ಎಂದಳು ಅವ್ವ. ಗಂಗತ್ತೆಯ ನಾಲಿಗೆಗೆ ಅದು ಎರಡು ಮೂರು ಸಲಕ್ಕೆ ಹೊಂದಿತು. ಮುಂದಿನ ಅಮಾವಾಸ್ಯೆಗೆ ಹೋಳಿಗೆ ಮಾಡಿದಾಗ ದೇವರ ಮುಂದೆ ಎಂದಿನ ಎಡೆಯ ಪಕ್ಕದಲ್ಲಿ ಇನ್ನೊಂದು ಸಣ್ಣ ಬಾಳೆಲೆ ಹಾಕಿದಳು. ಹೋಳಿಗೆ, ತುಪ್ಪ, ಒಂದು ಚಮಚ ಬಾಣಂತಿಯ ಅಂಟಿನುಂಡೆಯ ಪುಡಿ. “ಗುಲ್ನಾರವ್ವಾ, ಉಣ್ಣ ಬಾ ತಂಗಿ” ಎಂದು ಕರೆದಳು. ಬೇರೆ ಧರ್ಮದವಳಿಗೆ ನಮ್ಮ ದೇವರ ಮನೆಯಲ್ಲಿ ಎಡೆಯೇ ಎಂದು ಅಪ್ಪ ಅಚ್ಚರಿಪಟ್ಟ. “ಬಾಣಂತ್ಯಾಗಿ ಸತ್ತಾಕಿಗೆ ಯಾವ ಜಾತ್ಯೋ?” ಎಂದು ಗಂಗತ್ತೆ ಅವನ ಬಾಯಿ ಮುಚ್ಚಿಸಿದಳು. ಅವ್ವ ಅಂದು ಮೊದಲ ಬಾರಿಗೆ ಕೂತು ಉಂಡಳು. ಕಿಟಕಿಗಳ ವಿಷಯ ಹೀಗೆ ಮುಗಿಯಿತು. ಪಡಸಾಲೆಯದು ತೆರೆದಿರಲಿ, ಅಡುಗೆಮನೆಯದು ಮುಚ್ಚಿರಲಿ ಎಂದು ಇಬ್ಬರೂ ಒಪ್ಪಿದರು.

ಬಸು ಮಾತ್ರ ಹತ್ತಿರ ಬರಲಿಲ್ಲ. ಆ ಜಗಳದ ಮೇಲೆ ಗಂಗತ್ತೆಯ ಮನಸ್ಸಿನಲ್ಲಿ ಏನು ನಡೆಯಿತೋ ಯಾರಿಗೂ ಗೊತ್ತಾಗಲಿಲ್ಲ. ಒಂದು ಬೆಳಗ್ಗೆ ನಾನು ಎದ್ದಾಗ ಅವಳ ಟ್ರಂಕು ಮೂಲೆಯಲ್ಲಿರಲಿಲ್ಲ. ಸುರೇಬಾನದ ಕಾಕನ ಮಗಳ ಮನೆಯಲ್ಲಿ ಹಪ್ಪಳ ಸಂಡಿಗೆ ಮಾಡುವುದಿದೆ, ಹೋಗಿ ಬರುತ್ತೇನೆ ಎಂದು ಅಪ್ಪನಿಗೆ ಮಾತ್ರ ಹೇಳಿ ಮೊದಲ ಬಸ್ಸಿಗೆ ಹೋಗಿದ್ದಳು. ಹಪ್ಪಳ ಮಾಡಲು ಹೋಗುವವರು ಟ್ರಂಕು ಒಯ್ಯುವುದಿಲ್ಲ ಎಂಬುದು ನನಗೂ ಗೊತ್ತಿತ್ತು.

ಬಸು ಎದ್ದು ಅವಳನ್ನು ಹುಡುಕಿದ. ಅಡುಗೆಮನೆ, ಬಚ್ಚಲು, ಹಿತ್ತಲಿನ ಎಮ್ಮೆಯ ಕೊಟ್ಟಿಗೆ, ಜೋಳದ ಕಣಜದ ಹಿಂದೆ. ಅವನು ಅಳುತ್ತಾನೆ ಎಂದು ಎಲ್ಲರೂ ಕಾದೆವು. ಅವನು ಅಳಲಿಲ್ಲ. ಗಂಗತ್ತೆಯ ಹಳೆಯ ಸೀರೆಯೊಂದನ್ನು ಬಟ್ಟೆ ಒಣಹಾಕುವ ಹಗ್ಗದಿಂದ ಎಳೆದುಕೊಂಡು ಬಂದು ಹೊಸ್ತಿಲ ಪಕ್ಕ ಕೂತ. ಹಾಲು ಕೊಟ್ಟರೆ ಕುಡಿದ. ಅನ್ನ ಕಲಸಿ ಅವ್ವ ಬಾಯಿಗಿಟ್ಟರೆ ಎರಡು ತುತ್ತು ತಿಂದ. ಎತ್ತಿಕೊಂಡರೆ ಬಂದ. ಎರಡು ದಿನದಲ್ಲಿ ಅವನು ಅವ್ವ ಹೇಳಿದ್ದನ್ನೆಲ್ಲ ಕೇಳತೊಡಗಿದ. ಕೈ ತೊಳೆ ಅಂದರೆ ತೊಳೆದ, ಮಲಗು ಅಂದರೆ ಕಣ್ಣು ಮುಚ್ಚಿದ. ಅಪ್ಪನಿಗೆ ಸಮಾಧಾನವಾಯಿತು.

“ನೋಡ್ರಿ ಡಾಕ್ಟರಬಾಯಾರ. ಹೊಂದಿಕೊಂಡ ಹುಡುಗ.”

ಅವ್ವ ಬಸುವಿನ ಅಂಗಿಯ ಗುಂಡಿ ಹಾಕುತ್ತಿದ್ದವಳು ಕೈ ನಿಲ್ಲಿಸಿದಳು. ಅವಳ ಮಡಿಲಲ್ಲಿ ಕೂತ ಬಸು ಬಾಗಿಲನ್ನೇ ನೋಡುತ್ತಿದ್ದ.

“ಇದಕ್ಕ ಹೊಂದಿಕೊಳ್ಳೂದು ಅನ್ನಬ್ಯಾಡ್ರಿ,” ಎಂದಳು. “ಇದು ಸುಮ್ಮನಾಗೂದು. ನನಗ ಗೊತ್ತೈತಿ. ಎರಡ ವರ್ಷ ನಾನೂ ಅಲ್ಲೆ ಹಿಂಗ ಸುಮ್ಮನಾಗಿದ್ದೆ. ಕರದ್ರ ಹೋಗ್ತಿದ್ದೆ, ಕೊಟ್ಟದ್ದ ತಿಂತಿದ್ದೆ. ಮಾತಾಡಾಕ ಒಂದ ನರಪಿಳ್ಳೆ ಇದ್ದಿಲ್ಲ. ಹೊಂದಿಕೊಂಡೇನಿ ಅಂತ ನಿಮಗ ಬರದೆ. ಬ್ಯಾರೇ ಏನ್ ಬರೀಬೇಕು ಅಂತ ತಿಳೀಲಿಲ್ಲ.”

ಅಪ್ಪ ಅವಳ ಭುಜದ ಮೇಲೆ ಕೈ ಇಟ್ಟ. ನಮ್ಮೆದುರು ಅವನು ಅವಳನ್ನು ಮುಟ್ಟಿದ್ದು ನಾನು ಕಂಡದ್ದು ಅದೇ ಮೊದಲು. ಅವ್ವ ಅವನ ಕೈಯ ಮೇಲೆ ಕೆನ್ನೆ ಇಟ್ಟು ಒಂದು ಗಳಿಗೆ ಕೂತಳು. ಆಮೇಲೆ ಎದ್ದು, “ಸರೂ, ಚಪ್ಪಲಿ ಹಾಕ್ಕೊ. ಸುರೇಬಾನಕ್ಕ ಹೋಗೂಣು” ಎಂದಳು.

ಸವದತ್ತಿಯಲ್ಲಿ ಒಮ್ಮೆ, ರಾಮದುರ್ಗದಲ್ಲಿ ಇನ್ನೊಮ್ಮೆ ಬಸ್ಸು ಬದಲಿಸಬೇಕಿತ್ತು. ಸವದತ್ತಿ ಸ್ಟ್ಯಾಂಡಿನಲ್ಲಿ ಹುಣಿಸೆ ಮರದ ಕೆಳಗೆ ಕೂತೆವು. ಬಸು ನನ್ನ ತೊಡೆಯ ಮೇಲೆ ತಲೆ ಇಟ್ಟು ನಿದ್ದೆ ಹೋಗಿದ್ದ. ಅವ್ವ ಚುರುಮುರಿಯ ಪೊಟ್ಟಣ ಬಿಚ್ಚಿ ನನ್ನ ಕಡೆ ಹಿಡಿದಳು. ನಾನು ಬೇಡ ಅಂದೆ. ನನಗೆ ಚುರುಮುರಿ ಎಂದರೆ ಪ್ರಾಣ ಎಂದು ಅವಳಿಗೆ ಗೊತ್ತಿತ್ತು. ಹಣೆ ಮುಟ್ಟಿ ನೋಡಿದಳು, ನಾಡಿ ಹಿಡಿದಳು.

“ಏನಾಗೈತಿ ಸರೂ?”

ಏನಾಗಿದೆ ಎಂದು ನನಗೂ ತಿಳಿದಿರಲಿಲ್ಲ. ಆದರೆ ಅವಳು ನಾಡಿಯ ಮೇಲಿಟ್ಟ ಬೆರಳನ್ನು ತೆಗೆಯಲಿಲ್ಲ. ಆ ಬೆರಳಿನಿಂದಾಗಿಯೇ ಮಾತು ಹೊರಗೆ ಬಂತು.

“ನಾ ನಿನ್ನ ಮರತಿದ್ದಿಲ್ಲ.”

“ನನಗ ಗೊತ್ತೈತೆವ್ವಾ.”

“ಮರತಿದ್ರ ಚೊಲೊ ಇತ್ತು. ಮರತಿದ್ರ ನನಗೂ ಹಿಂಗ ರಮಿಸ್ತಿದ್ರಿ ಎಲ್ಲಾರೂ.”

ಅವ್ವನ ಮುಖ ಏನಾಯಿತೆಂದು ನಾನು ನೋಡಲಿಲ್ಲ, ತಲೆ ಕೆಳಗೆ ಹಾಕಿದ್ದೆ. ರಾಮದುರ್ಗದ ಬಸ್ಸು ಬಂತು. ಜನ ನುಗ್ಗಿದರು. ಅವ್ವ ಏಳಲಿಲ್ಲ. ಕಂಡಕ್ಟರ್ ಕೂಗಿದ, ಬಸ್ಸು ಹೊರಟುಹೋಯಿತು. ಇನ್ನೊಂದು ಬಸ್ಸು ಬರುವವರೆಗೂ ಅವಳು ನನ್ನನ್ನು ತನ್ನ ಮೈಗೆ ಒತ್ತಿಕೊಂಡು ಕೂತಿದ್ದಳು. ಸಾಲೆಯಲ್ಲಿ ಯಾರು ಗೆಳತಿ, ಯಾರ ಜೊತೆ ಟೂ ಬಿಟ್ಟಿದ್ದೇನೆ, ಯಾವ ಲೆಕ್ಕ ಬರುವುದಿಲ್ಲ, ರಾತ್ರಿ ಹೆದರಿಕೆಯಾದರೆ ಯಾರನ್ನು ಎಬ್ಬಿಸುತ್ತಿದ್ದೆ ಎಂದು ಕೇಳಿದಳು. ಯಾರನ್ನೂ ಎಬ್ಬಿಸುತ್ತಿರಲಿಲ್ಲ ಎಂದೆ. ಕೇಳುತ್ತ ಹೋದಳು, ಹೇಳುತ್ತ ಹೋದೆ. ಚುರುಮುರಿ ಖಾಲಿಯಾಗಿತ್ತು, ಯಾವಾಗ ತಿಂದೆನೋ.

ಸುರೇಬಾನದಲ್ಲಿ ಗಂಗತ್ತೆ ಅಂಗಳದಲ್ಲಿ ಕೂತು ಒಣಗಿದ ಸಂಡಿಗೆಗಳನ್ನು ಡಬ್ಬಿಗೆ ತುಂಬುತ್ತಿದ್ದಳು. ಬಸು ಅವಳನ್ನು ಕಂಡು ಓಡಲಿಲ್ಲ. ನಡೆದು ಹೋಗಿ, ಅವಳ ಬೆನ್ನಿಗೆ ಎರಡೂ ಕೈಯಿಂದ ದಬದಬ ಹೊಡೆದ. ಆಮೇಲೆ ಅತ್ತ. ಮೂರು ದಿನದಿಂದ ಒಳಗಿಟ್ಟದ್ದೆಲ್ಲ ಒಮ್ಮೆಲೇ ಹೊರಗೆ ಬಂತು. ಗಂಗತ್ತೆ ಅವನನ್ನು ಎದೆಗವಚಿಕೊಂಡು ಅವ್ವನ ಮೇಲೆ ಹರಿಹಾಯ್ದಳು.

“ಯಾಕ ಕರಕೊಂಡ ಬಂದಿ ಇವನ್ನ? ನಾ ಎದುರಿಗಿದ್ರ ಅಂವ ನಿನ್ನ ಹಂತ್ಯಾಕ ಬರಂಗಿಲ್ಲ. ನಾಕ ದಿನ ತಡದಿದ್ರ ನಿನ್ನ ಕೂಸ ನಿನಗ ಆಗ್ತಿತ್ತು.”

“ನಿಮ್ಮನ್ನ ಕಳಕೊಂಡ ಕೂಸು ನನಗ ಬ್ಯಾಡ್ರಿ ಅಕ್ಕಾರ,” ಎಂದಳು ಅವ್ವ. “ಅಂವಗ ಅವ್ವ ನೀವ. ಆಗೇ ಇರ್ರಿ. ನನಗ ಬ್ಯಾರೇ ಏನರೆ ಹೆಸರಿಟ್ಟಕೊಳ್ಳಲಿ. ನಾ ನಿಧಾನಕ ಬರ್ತೇನಿ ಅವನ ಕಡೆ.”

“ಜನಾ ಏನಂತಾರ?”

“ಜನಾ ಎರಡ ವರ್ಷದಿಂದ ಅನ್ನಾಕತ್ತಾರ. ಅವ್ರಿಗೂ ದಣಿವಾಗಿರ್ತೈತಿ.”

ಗಂಗತ್ತೆ ಅಳುತ್ತಲೇ ನಕ್ಕಳು. ಆ ಮನೆಯವರು ನಮ್ಮನ್ನು ಊಟಕ್ಕೆ ಎಬ್ಬಿಸಿದರು. ಡಾಕ್ಟರಬಾಯಿ ಬಂದಿದ್ದಾಳೆ ಎಂಬ ಸುದ್ದಿ ಅಷ್ಟರಲ್ಲಿ ಊರಿಗೆ ಹಬ್ಬಿ, ಊಟ ಮುಗಿಯುವ ಹೊತ್ತಿಗೆ ಮುದುಕಿಯೊಬ್ಬಳು ತುಂಬು ಬಸುರಿ ಸೊಸೆಯನ್ನು ಕರೆದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಅವ್ವನ ಕೈ ಸೆರಗಿನ ಕಡೆ ಹೋಗಿದ್ದನ್ನು ನಾನು ನೋಡಿದೆ. ಗಂಗತ್ತೆಯೂ ನೋಡಿದಳು. ಅವಳು ಚೆಂಬಿನಲ್ಲಿ ನೀರು ತಂದು ಅವ್ವನ ಮುಂದೆ ಬಗ್ಗಿಸಿ ಹಿಡಿದಳು. ಅವ್ವ ಸ್ವಲ್ಪ ಹೊತ್ತು ಆ ನೀರಿನ ಧಾರೆಯನ್ನು ನೋಡಿದಳು. ಆಮೇಲೆ ಕೈ ತೊಳೆದುಕೊಂಡಳು.

ಒಳಗಿನ ಕೋಣೆಯಲ್ಲಿ ಚಾಪೆಯ ಮೇಲೆ ಆ ಹೆಣ್ಣುಮಗಳನ್ನು ಮಲಗಿಸಿ ಹೊಟ್ಟೆಯ ಮೇಲೆ ಕೈಯಾಡಿಸಿ ನೋಡಿದಳು. ಎಲ್ಲ ಸರಿಯಾಗಿಯೇ ಇತ್ತು. ನೋಡುವ ಕೆಲಸ ಬೇಗ ಮುಗಿದರೂ ಅವ್ವ ಏಳಲಿಲ್ಲ. ಏನೇನು ತ್ರಾಸು ಎಂದು ಕೇಳಿದಳು. ನಡ ನೋಯುತ್ತದೆ ಎಂದಳು ಅವಳು. “ಮತ್ತ?” ಎಂದಳು ಅವ್ವ. ರೊಟ್ಟಿಯ ವಾಸನೆಗೆ ವಾಕರಿಕೆ ಬರುತ್ತದೆ. “ಮತ್ತ?” ನೀರು ತರಲು ದೂರ ಹೋಗಬೇಕು. ಎಮ್ಮೆ ಈ ಸಲ ಗಂಡುಗರು ಹಾಕಿತು. ಗಂಡ ಮಾತು ಕಡಿಮೆ. ತವರಿಗೆ ಹೋಗಬೇಕೆನಿಸುತ್ತದೆ, ಅತ್ತೆಗೆ ಹೇಳಲು ಅಂಜಿಕೆ. ಬಾಗಿಲಲ್ಲಿ ಕೂತ ನನಗೆ ಆಕಳಿಕೆ ಬರುತ್ತಿತ್ತು. ಅವ್ವ ಮಾತ್ರ ಒಂದೊಂದು ಮಾತಿಗೂ ತಲೆಯಾಡಿಸುತ್ತ, ಬಹಳ ದಿನ ಹಸಿದವರು ಉಣ್ಣುವ ಹಾಗೆ ಅವಳ ಮಾತನ್ನು ಕೇಳುತ್ತಿದ್ದಳು. ಹೊರಗೆ ಬಂದು ಗಂಗತ್ತೆಯ ಕಿವಿಯಲ್ಲಿ, “ಎಲ್ಲಾ ತಿಳೀತ್ರಿ ಅಕ್ಕಾರ. ಒಂದ ಮಾತೂ ಬಿಡದಂಗ ತಿಳೀತು,” ಎಂದಳು.

ಅಂದು ಸಂಜೆ ಟ್ರಂಕಿನ ಸಮೇತ ಗಂಗತ್ತೆಯನ್ನು ಕರೆದುಕೊಂಡು ಮನೆಗೆ ಬಂದೆವು. ಮರುದಿನ ಅವ್ವ ದವಾಖಾನೆಯ ಬೀಗ ತೆಗೆದಳು. ಆ ಬೇಸಿಗೆ ಮುಗಿಯುವವರೆಗೂ ನಮ್ಮ ಕಟ್ಟೆಯ ಮೇಲೆ ಹೆಂಗಸರು ಇದ್ದೇ ಇದ್ದರು. ಬಸು ಅವರ ಬಾಯಿಂದ ಕೇಳಿ ಕೇಳಿ, ಅರ್ಧ ಅವರ ಮಾತು ಅರ್ಧ ತನ್ನದು ಸೇರಿಸಿ, ಒಂದು ದಿನ ಅವಳನ್ನು ಡಾಕ್ಟರವ್ವ ಎಂದು ಕರೆದ. ಅವಳು ಅಡುಗೆಮನೆಯಲ್ಲಿದ್ದವಳು “ಓ” ಎಂದು ಓಗೊಟ್ಟಳು. ದೊಡ್ಡದೇನೋ ಆಯಿತೆಂದು ಯಾರೂ ತೋರಿಸಿಕೊಳ್ಳಲಿಲ್ಲ. ಗಂಗತ್ತೆ ಮಾತ್ರ ಆ ದಿನ ಹುರಕ್ಕಿ ಹೋಳಿಗೆ ಮಾಡಿದಳು.

ಉಳಿದ ಒಂದು ವರ್ಷಕ್ಕೆ ಹೋಗುವುದೋ ಬೇಡವೋ ಎಂಬ ಮಾತು ನಡೆಯಿತು. ಹೋಗಬೇಡ ಎಂದು ಅಪ್ಪ ಬಾಯಿ ಬಿಟ್ಟೇ ಹೇಳಿದ. ಆಶ್ಚರ್ಯವೆಂದರೆ, ಹೋಗು ಎಂದವಳು ಗಂಗತ್ತೆ. ಅವ್ವನ ಮನಸ್ಸೂ ಅದೇ ಇತ್ತು. “ಅಲ್ಲಿ ಹೆಂಗಸ್ರು ಇನ್ನೂ ಹಡೀತಾರ. ಈ ಸಲಾ ಹೋಗಿ ಮೊದಲ ಅವರ ಮಾತ ಕಲೀತೇನಿ. ಕೊಯ್ಯೂದು, ಹೊಲಿಯೂದು ಆಮ್ಯಾಲ” ಎಂದಳು. ಹೊಂದಿಕೊಂಡೇನಿ ಎಂದು ಬರೆಯುವುದಿಲ್ಲ, ದುಃಖವಾದರೆ ದುಃಖವಾಗಿದೆ ಎಂದೇ ಬರೆಯುತ್ತೇನೆ ಎಂದು ಅಪ್ಪನಿಗೆ ಮಾತು ಕೊಟ್ಟಳು.

ಹೊರಡುವ ದಿನ ಬಸುವಿಗೆ ಎಲ್ಲವನ್ನೂ ಹೇಳಿ, ಅವನು ಅಳುವಷ್ಟು ಅತ್ತು ಮುಗಿಸುವವರೆಗೂ ಕಾದು, ಗಂಗತ್ತೆಯ ಕೈಗೆ ಕೊಟ್ಟಳು. ಬೆಳಗಾವಿ ಸ್ಟೇಷನ್ನಿಗೆ ಅಪ್ಪನ ಜೊತೆ ನಾನೊಬ್ಬಳೇ ಬರಬೇಕೆಂದು ಹೇಳಿದಳು. ದಾರಿಯುದ್ದಕ್ಕೂ ಅವಳ ಪಕ್ಕ ಕೂತಿದ್ದೆ. ರೈಲು ಬಂದು, ಅಪ್ಪ ಪೆಟ್ಟಿಗೆ ಹತ್ತಿಸಲು ಒಳಗೆ ಹೋದಾಗ, ಅವಳು ಪ್ಲಾಟ್‌ಫಾರ್ಮಿನಲ್ಲಿ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಏನು ಹೇಳುತ್ತಾಳೆ ಎಂದು ನನಗೆ ಗೊತ್ತಿತ್ತು. ಊರಿಗೆ ಹೋಗುವ ತಾಯಂದಿರು ದೊಡ್ಡ ಮಗಳಿಗೆ ಹೇಳುವುದು ಒಂದೇ. ನಾನು ತಲೆಯಾಡಿಸಲು ಸಿದ್ಧಳಾಗಿ ನಿಂತಿದ್ದೆ.

“ತಮ್ಮನ್ನ ನೋಡಕೊ, ಮನೀ ನೋಡಕೊ ಅಂತ ಹೇಳಂಗಿಲ್ಲ ನಾ,” ಎಂದಳು ಅವ್ವ. “ಅದನ್ನ ಮಾಡಾಕ ದೊಡ್ಡವರದಾರ. ಶ್ಯಾಣ್ಯಾಕಿ ಆಗಿರಬ್ಯಾಡ ಸರೂ. ಆಡಕೋತ ಇರು. ಅಳು ಬಂದ್ರ ಎಬ್ಬಿಸು, ಅಪ್ಪನ್ನ ಎಬ್ಬಿಸು, ಅತ್ತೀನ್ನ ಎಬ್ಬಿಸು, ಇಡೀ ಓಣೀನ ಎಬ್ಬಿಸು.”

ಆಗ ನಾನು ಅತ್ತುಬಿಟ್ಟೆ. ಹಮಾಲರು ತಿರುಗಿ ನೋಡುವ ಹಾಗೆ, ಬಾಯಿ ಅಗಲಿಸಿ, ನೆಲಕ್ಕೆ ಕಾಲು ಬಡಿದು ಅತ್ತೆ. ಅಪ್ಪ ಇಳಿದು ಬಂದು ಸುಮ್ಮನಿರು ಎನ್ನಲಿಲ್ಲ. ನನ್ನನ್ನು ಹೆಗಲ ಮೇಲೆ ಹಾಕಿಕೊಂಡ, ಅಷ್ಟು ದೊಡ್ಡ ಹುಡುಗಿಯನ್ನು. ರೈಲು ಹೋದ ಮೇಲೂ ಅತ್ತೆ. ಬಸ್ಸಿನಲ್ಲಿ ಅವನ ತೊಡೆಯ ಮೇಲೆ ನಿದ್ದೆ ಹೋದೆ.

ವರ್ಷ ತುಂಬಿದ ಮೇಲೆ ಅವ್ವ ತಿರುಗಿ ಬಂದಳು. ಪೆಟ್ಟಿಗೆಗಳು ಇನ್ನೂ ಟಾಂಗಾದಲ್ಲೇ ಇದ್ದವು, ಕಟ್ಟೆಯ ತುಂಬ ಜನರಿದ್ದರು, ಬಸು ಗಂಗತ್ತೆಯ ಸೊಂಟದ ಮೇಲಿಂದ ಡಾಕ್ಟರವ್ವಾ ಎಂದು ಕೂಗುತ್ತಿದ್ದ. ಅವಳು ಅವನಿಗೆ ಕೈ ಬೀಸಿ, ನೇರವಾಗಿ ನನ್ನ ಹತ್ತಿರ ಬಂದಳು. ನನ್ನ ಮೊಣಕಾಲು ತರಚಿತ್ತು, ಲಂಗದ ಅಂಚು ಹರಿದಿತ್ತು, ಕೈಯಲ್ಲಿ ಕುಂಟೆಬಿಲ್ಲೆಯ ಹಂಚಿನ ಚೂರಿತ್ತು.

“ಏನ್ ಮಾಡಿದೆವ್ವಾ ಸರೂ, ವರ್ಷಪೂರ್ತಿ?”

“ಆಡಿದೆ,” ಎಂದೆ.